ಅಣ್ಣಯ್ಯನ ಜೊತೆ ಗೋಕರ್ಣಕ್ಕೆ

ಮೊದಲ ದಿನ: ತಾಳಗುಪ್ಪ ರೈಲು

ತಮ್ಮನ ಫೋನ್ ಬಂದಾಗ ಬೆಳಗಿನ ಜಾವ ನಾಲ್ಕೂವರೆ. "ಅಕ್ಕಾ, ಮೇಲಿನಮನೆ ಅಣ್ಣಯ್ಯ ಹೋದ" ಅಂದ. ಎಲ್ಲಿಗೆ ಹೋದ ಅಂತ ಕೇಳಿಬಿಟ್ಟೆ. ಅಣ್ಣಯ್ಯ ಯಾವಾಗಲೂ ಯಾರ ಜೊತೆಗಾದರೂ ಎಲ್ಲಿಗಾದರೂ ಹೋಗಿರುತ್ತಿದ್ದವನೇ. ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ, ಹೆಣ್ಣು ನೋಡುವುದಕ್ಕೆ, ಜಾತ್ರೆಗೆ. ಅತ್ತ ಕಡೆ ತಮ್ಮ ಅಳುತ್ತಿರುವುದು ಕೇಳಿಸಿದ ಮೇಲೆ ಗೊತ್ತಾಯಿತು.

ಅವತ್ತೇ ಹೊರಡಲು ಆಗಲಿಲ್ಲ. ಮಗಳು ಡೆಂಗಿಯಾಗಿ ಆಸ್ಪತ್ರೆಯಲ್ಲಿದ್ದಳು, ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಮಣ್ಣಿಗೆ ಹೋಗಲಾಗದ ಸಂಕಟವನ್ನು ಏಳು ದಿನ ಹೊತ್ತುಕೊಂಡು ತಿರುಗಿದೆ. ಅವಳು ಮನೆಗೆ ಬಂದ ಮರುದಿನ ರಾತ್ರಿ ತಾಳಗುಪ್ಪ ರೈಲು ಹತ್ತಿದೆ.

ಈ ದಾರಿಯಲ್ಲಿ ನಾನು ಮೊದಲ ಸಲ ಬೆಂಗಳೂರಿಗೆ ಬಂದದ್ದು 2000ದಲ್ಲಿ, ಕೆಲಸದ ಸಂದರ್ಶನಕ್ಕೆ. ಆಗ ಸಾಗರದಿಂದ ಶಿವಮೊಗ್ಗಕ್ಕೆ ಇದ್ದದ್ದು ಮೀಟರ್‌ಗೇಜ್ ಹಳಿಯ ಮೇಲಿನ ಒಂದೇ ಡಬ್ಬಿಯ ರೈಲುಬಸ್ಸು. ಅಪ್ಪನಿಗೆ ಸೊಂಟನೋವು, ಅಮ್ಮನಿಗೆ ಶಿವಮೊಗ್ಗ ದಾಟಿ ಗೊತ್ತಿಲ್ಲ. ಹಿಂದಿನ ದಿನ ಸಂಜೆ ಅಣ್ಣಯ್ಯ ನಮ್ಮನೆ ಜಗಲಿಗೆ ಬಂದು ಎಲೆಯಡಿಕೆಯ ಕವಳ ಹಾಕುತ್ತ, "ನಾಳೆ ನಾನೂ ಬರ್ತೀನಿ ತಡಿ" ಅಂದ. ಯಾರೂ ಕೇಳಿರಲಿಲ್ಲ. ರೈಲುಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಆನಂದಪುರ, ಕುಂಸಿ ಬಂದಾಗಲೆಲ್ಲ ಆ ಊರಲ್ಲಿ ಯಾರ ಮನೆಯಿದೆ, ಅಲ್ಲಿಗೆ ಯಾರ ಜೊತೆ ಬಂದಿದ್ದೆ ಎಂದು ಹೇಳುತ್ತ ಬಂದ. ಬೆಂಗಳೂರಿನ ಆ ಕಚೇರಿಯ ಹೊರಗೆ, ಎದುರಿನ ಹೊಂಗೆಮರದ ಕೆಳಗೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನಿಂತಿದ್ದ. ಹೊರಗೆ ಬಂದಾಗ ಕೆಲಸ ಸಿಕ್ಕಿತಾ ಅಂತ ಕೇಳಲಿಲ್ಲ. "ಹಸಿವೆ ಆಗಿರ್ತದೆ, ಮೊದ್ಲು ಊಟ ಮಾಡನ" ಅಂದ.

ರಾತ್ರಿಯಿಡೀ ನಿದ್ದೆ ಬರಲಿಲ್ಲ. ಶಿವಮೊಗ್ಗ ದಾಟಿದ ಮೇಲೆ ಕಿಟಕಿಯಿಂದ ತಣ್ಣನೆ ಗಾಳಿ, ಹಸಿ ಸೊಪ್ಪಿನ ವಾಸನೆ.

ಎರಡನೇ ದಿನ: ಸೇತುವೆ, ಮೇಲಿನಮನೆ

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಇಬ್ಬನಿ ದಟ್ಟವಾಗಿತ್ತು. ಆವಿನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದು ಹೊಳೆಬಾಗಿಲಿಗೆ ಹೊರಟೆ.

ನಮ್ಮದು ತುಮರಿ ಸೀಮೆ. ಸಾಗರದವರ ಬಾಯಲ್ಲಿ ಹೊಳೆಯಾಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿಕೊಂಡಾಗ ಕರೂರು, ಬಾರಂಗಿ ಕಡೆಯ ಊರುಗಳಿಗೆ ದಾರಿಯೇ ಇಲ್ಲದಾಯಿತು. ತೋಟ ಗದ್ದೆ ಮುಳುಗಿ ಅನೇಕರು ಬೇರೆ ಸೀಮೆಗೆ ಹೋದರು, ಕೆಲವರು ಗುಡ್ಡ ಹತ್ತಿ ಅಲ್ಲೇ ಉಳಿದರು. ನಮ್ಮ ಅಜ್ಜನೂ ಅಣ್ಣಯ್ಯನ ಅಪ್ಪನೂ ಹಾಗೆ ಉಳಿದವರು. ಆಗ ಅಣ್ಣಯ್ಯನಿಗೆ ಹನ್ನೊಂದು ವರ್ಷ. ಅವನ ಮಾತಿನಲ್ಲಿ ಎಲ್ಲ ಲೆಕ್ಕವೂ 'ಮುಳುಗಡೆ ಮೊದ್ಲು', 'ಮುಳುಗಡೆ ಆದ್ಮೇಲೆ' ಅಂತಲೇ. ನೀರು ತೀರಾ ಇಳಿದ ಒಂದು ಬೇಸಿಗೆಯಲ್ಲಿ ನಮ್ಮನ್ನೆಲ್ಲ ಒಣಗಿ ಬಿರುಕು ಬಿಟ್ಟ ಹೊಳೆಪಾತ್ರಕ್ಕೆ ಕರೆದುಕೊಂಡು ಹೋಗಿದ್ದ. ಮಡೆನೂರಿನ ಹಳೇ ಅಣೆಕಟ್ಟು ಎದ್ದು ಕಾಣುತ್ತಿತ್ತು. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಅಣ್ಣಯ್ಯ ಅತ್ತ ತಿರುಗಲಿಲ್ಲ. ಕಪ್ಪು ಮರದ ಬೊಡ್ಡೆಗಳ ನಡುವೆ ಹುಡುಕಿ ಹುಡುಕಿ ಒಂದು ಕಡೆ ನಿಂತು, ಕಾಲಿನಿಂದ ಗೆರೆ ಎಳೆದ: "ಇದು ಜಗಲಿ. ಇದು ಕೊಟ್ಟಿಗೆ. ಇಲ್ಲಿ ಅವ್ವನ ಒಲೆ." ನಾವು ಮಕ್ಕಳು ಆ ಗೆರೆಯೊಳಗೆ ಕಾಲಿಡಲು ಹೆದರಿ ಹೊರಗೇ ನಿಂತಿದ್ದೆವು.

ಬಸ್ಸು ಅಂಬಾರಗೋಡ್ಲು ದಾಟಿ ಸೇತುವೆಗೆ ಬಂತು. ದಶಕಗಳ ಕಾಲ ಹೊಳೆ ದಾಟಿಸುವ ಲಾಂಚಿಗೆ ಕಾದು ನಿಂತ ದಡ ಅದು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಮನೆ ಎದುರಿಗೇ ಇದ್ದರೂ ಇಲ್ಲದ ಹಾಗೆ. ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅವತ್ತು ರಾತ್ರಿ ಅಣ್ಣಯ್ಯ ಮೊಮ್ಮಗನ ಕೈಲಿ ಫೋನ್ ಹಿಡಿಸಿ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದ್ದ: "ಸೇತುವೆ ಆತು ಮಾರಾಯ್ತಿ. ಇನ್ನು ನಿನ್ನ ಕರ್ಕೊಂಡು ಹೋಗಕ್ಕೆ ನಾನು ಬರ್ಬೇಕಂತಿಲ್ಲ." ಆದರೂ ಚೌತಿಗೆ ನಾನು ಬಂದಾಗ ಕಳಸವಳ್ಳಿ ಕಡೆಯ ತುದಿಯಲ್ಲಿ ಕೊಡೆ ಹಿಡಿದು ನಿಂತಿದ್ದ.

ಆ ಮೆಸೇಜನ್ನು ಬಸ್ಸಿನಲ್ಲಿ ಮತ್ತೆ ಮತ್ತೆ ಕೇಳಿದೆ. ಕೊನೆಗೆ ಅವನು ಕೆಮ್ಮುವುದು, ಹಿಂದೆ ಅತ್ತಿಗೆ ಯಾರಿಗೋ ದನ ಕಟ್ಟಲು ಹೇಳುವುದು ಕೇಳಿಸುತ್ತದೆ. ಕಿಟಕಿಯ ಎರಡೂ ಕಡೆ ತುಂಬಿದ ನೀರು, ನಡುಗಡ್ಡೆಗಳ ತಲೆ. ಕಳಸವಳ್ಳಿ ತುದಿಯಲ್ಲಿ ಈ ಸಲ ಯಾರೂ ಇರಲಿಲ್ಲ.

ಅಣ್ಣಯ್ಯನನ್ನು ನಾನು ಏಕವಚನದಲ್ಲಿ ಬರೆಯುತ್ತಿರುವುದನ್ನು ಓದುವವರು ತಪ್ಪು ತಿಳಿಯಬಾರದು. ಅಪ್ಪನಿಗೂ ಅವನು ಅಣ್ಣಯ್ಯ, ನನಗೂ ಅಣ್ಣಯ್ಯ, ಈಗ ನನ್ನ ಮಗಳಿಗೂ ಅಣ್ಣಯ್ಯನೇ. ಊರಿನಲ್ಲಿ ಯಾರೂ ಅವನಿಗೆ ಬಹುವಚನ ಹಚ್ಚಲಿಲ್ಲ. ಹಚ್ಚಿದರೆ ಅವನು ದೂರ ಹೋದ ಹಾಗೆ ಆಗುತ್ತಿತ್ತು.

ಮೇಲಿನಮನೆ ಅಂಗಳ ಮೆಟ್ಟಿದಾಗ ಅಡಿಕೆ ಬೇಯುವ ವಾಸನೆ ಮೂಗಿಗೆ ಬಡಿಯಿತು. ಸೂತಕದ ಮನೆಯಲ್ಲಿ ಇದೇನು ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗಿತ್ತು; ಗೊನೆ ಹಣ್ಣಾಗಲು ಬಿಟ್ಟರೆ ಕೆಂಪಡಿಕೆ ಮಾಡುವುದಕ್ಕಾಗುವುದಿಲ್ಲ. ಅವನು ತೀರಿಕೊಂಡ ನಾಲ್ಕನೇ ದಿನ ಊರಿನವರೇ ಬಂದು ಕೊನೆ ಇಳಿಸಿ, ನಮ್ಮನೆ ಅಂಗಳದಲ್ಲಿ ಸುಲಿದು, ನಮ್ಮನೆ ಹಂಡೆಯಲ್ಲೇ ಬೇಯಿಸುತ್ತಿದ್ದರು. ಗಾಳಿ ಬೀಸಿ ವಾಸನೆ ಮೇಲಿನಮನೆಗೂ ತುಂಬಿತ್ತು. ನಮ್ಮ ಕಡೆ ಮುಯ್ಯಾಳು ಅಂತ ಪದ್ಧತಿ. ನನ್ನ ಕೆಲಸಕ್ಕೆ ನೀನು, ನಿನ್ನ ಕೆಲಸಕ್ಕೆ ನಾನು. ಎಲ್ಲರೂ ಅದರ ಲೆಕ್ಕ ಇಡುತ್ತಾರೆ, ಇಡಬೇಕು. ಅಣ್ಣಯ್ಯ ಇಟ್ಟಿರಲಿಲ್ಲ. ಹದಿನೆಂಟು ಮನೆಯವರು ಅವನಿಗೆ ಎಷ್ಟು ದಿನ ಬಾಕಿ ಇದ್ದರೋ ಅವರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಬಂದಿದ್ದರು.

ಅತ್ತಿಗೆ ಒಳಗೆ ಕಂಬಕ್ಕೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಾವಾಗೇ ಆ ರಾತ್ರಿಯ ಸುದ್ದಿ ತೆಗೆದರು. ಹನ್ನೆರಡು ಗಂಟೆಗೆ ಎದೆ ಹಿಡಿದುಕೊಂಡಿತಂತೆ. ತಮ್ಮ ಜೀಪು ತಂದ. ಸೇತುವೆ ಮೇಲೆ ಹತ್ತೇ ನಿಮಿಷ ಕೂಡ ಆಗಲಿಲ್ಲ, ಸಾಗರ ಒಂದು ಗಂಟೆಯೊಳಗೆ ಮುಟ್ಟಿದರು. ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಬೆಳಗಾಗುವ ಮೊದಲು ಹೋಗಿಬಿಟ್ಟ.

"ಜೀಪಿನಲ್ಲಿ ಎಂತ ಹೇಳಿದ್ರು ಗೊತ್ತಿದ್ಯಾ? ನಿಧಾನ ಹೊಡಿ, ಈಗ ಲಾಂಚ್ ತಪ್ಪಲ್ಲ ಅಂದ್ರು" ಅಂತ ಹೇಳಿ ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಜೀಪು ಓಡಿಸಿದವನು ನನ್ನ ತಮ್ಮ. ಅವನು ಹುಟ್ಟಿದ ರಾತ್ರಿಯ ಕಥೆ ನಮ್ಮೂರಿನಲ್ಲಿ ಎಲ್ಲರಿಗೂ ಬಾಯಿಪಾಠ. 1989ರ ಮಳೆಗಾಲದ ಕೊನೆ. ಅಮ್ಮನಿಗೆ ದಿನ ತುಂಬುವ ಮೊದಲೇ ನೋವು ಬಂತು, ರಕ್ತ ಹೋಗಲು ಶುರುವಾಯಿತು. ರಾತ್ರಿ ಹತ್ತು ಗಂಟೆ, ಲಾಂಚ್ ಇಲ್ಲ. ಅಪ್ಪ ಅಂಗಳದಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದ. ಅಣ್ಣಯ್ಯ ಬಂದವನೇ ಅಮ್ಮನನ್ನು ಕಂಬಳಿಯಲ್ಲಿ ಮಲಗಿಸಿ, ನಾಲ್ಕು ಜನ ಹೊತ್ತು ದಡಕ್ಕೆ ತಂದು, ದೋಣಿ ಬಿಚ್ಚಿದ. ಗಾಳಿ ಜೋರಿತ್ತು. ಹನ್ನೊಂದು ವರ್ಷದ ನನ್ನ ಕೈಗೆ ಮೂರು ಶೆಲ್ಲಿನ ಬ್ಯಾಟರಿ ಕೊಟ್ಟು, "ನೀ ಇಲ್ಲೇ ನಿಂತು ಬೆಳಕು ಬಿಡ್ತಾ ಇರು. ನಾವು ಆಚೆ ಮುಟ್ಟೋ ತಂಕ ನಿಲ್ಲಿಸ್ಬೇಡ" ಅಂದ. ಬೆಳಕು ಅಷ್ಟು ದೂರ ಹೋಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅಳುತ್ತಿದ್ದ ಹುಡುಗಿಗೆ ಮಾಡಲು ಒಂದು ಕೆಲಸ ಕೊಟ್ಟಿದ್ದ ಅಂತ ನನಗೆ ತಿಳಿದದ್ದು ನಾನೂ ತಾಯಿಯಾದ ಮೇಲೆ. ಆಚೆ ದಡದಲ್ಲಿ ಇಳಿದು, ಕತ್ತಲಲ್ಲಿ ನಡೆದು ಹೋಗಿ, ಜೀಪಿದ್ದ ಮನೆಯವರನ್ನು ಎಬ್ಬಿಸಿ ತಂದನಂತೆ. ಅಮ್ಮ ಉಳಿದಳು. ತಮ್ಮ ಬೆಳಿಗ್ಗೆ ಆರಕ್ಕೆ ಹುಟ್ಟಿದ.

ಮೂರನೇ ದಿನ: ಹೊಳೆ ಹೋದ ದಾರಿ

ಅಸ್ಥಿಯ ಕುಡಿಕೆಯನ್ನು ಮನೆಯ ಹಿಂದಿನ ಹಲಸಿನ ಟೊಂಗೆಗೆ ಬಟ್ಟೆ ಸುತ್ತಿ ಕಟ್ಟಿದ್ದರು. ಅಣ್ಣಯ್ಯನ ಮಗ, ಅವನ ಚಿಕ್ಕಪ್ಪ, ನನ್ನ ತಮ್ಮ ಗೋಕರ್ಣಕ್ಕೆ ಹೊರಟಿದ್ದರು. ನಾನೂ ಬರುತ್ತೇನೆ ಅಂದೆ. ಹಿರಿಯರೊಬ್ಬರು, ಹೆಂಗಸರು ಇದಕ್ಕೆಲ್ಲ ಯಾಕೆ ಅಂದರು. ಒಳಗಿನಿಂದ ಅತ್ತಿಗೆಯ ದನಿ ಬಂತು: "ಅವಳು ಹೋಗ್ಲಿ. ನಮ್ಮನೆಯವ್ರು ಅವಳ ಜೊತೆ ಎಷ್ಟು ಸಲ ಹೋಗಿಲ್ಲ?" ಆಮೇಲೆ ಯಾರೂ ಮಾತಾಡಲಿಲ್ಲ.

ಕುಡಿಕೆ ಇಡಲು ಚೀಲ ಬೇಕಾಗಿತ್ತು. ಅತ್ತಿಗೆ ಬಾಗಿಲ ಹಿಂದಿನ ಗೂಟದಿಂದ ಅಣ್ಣಯ್ಯನ ಕೈಚೀಲವನ್ನೇ ತೆಗೆದುಕೊಟ್ಟರು. ಖಾಕಿ ಬಟ್ಟೆಯದು, ಎರಡೂ ಹಿಡಿಕೆಗೆ ಬೇರೆ ಬೇರೆ ಬಣ್ಣದ ದಾರದ ಹೊಲಿಗೆ. ಈ ಚೀಲ ಯಾವತ್ತೂ ತುಂಬಿಸಿಯೇ ಗೂಟದಲ್ಲಿರುತ್ತಿತ್ತು. ಯಾರು ಯಾವ ಹೊತ್ತಿಗೆ ಬಂದು ಕರೆದರೂ ಎದ್ದು ಹೊರಡುವುದಕ್ಕೆ. ನಾನು ಒಳಗಿನದನ್ನು ಒಂದೊಂದಾಗಿ ತೆಗೆದು ಚಾಪೆ ಮೇಲಿಟ್ಟೆ. ಒಗೆದು ಮಡಿಸಿದ ಪಂಚೆ, ಒಂದು ಟವೆಲು. ಕವಳದ ಸಂಚಿ, ಅದರಲ್ಲಿ ಒಣಗಿ ಸುರುಟಿದ ಎರಡು ಎಲೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಐನೂರರ ಎರಡು ನೋಟು. ಬೆಂಕಿಪೊಟ್ಟಣ. ಅಂಗೈಯಗಲದ ಒಂದು ನೋಟುಬುಕ್ಕು. ಅದರಲ್ಲಿ ಸಾಗರದ ಬಸ್ಸಿನ ಹೊತ್ತು, ಜೀಪಿನವರ ನಂಬರು, ರಕ್ತ ಕೊಡಲು ಬರುವವರ ಹೆಸರಿನ ಎದುರಿಗೆ ಅವರವರ ಗುಂಪು. ಲಾಂಚಿನ ಸಮಯ ಬರೆದಿದ್ದ ಪುಟದ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದ. ಬಹುಶಃ ಜುಲೈನಲ್ಲಿ ಎಳೆದದ್ದು. ಕೊನೆಯ ಪುಟದಲ್ಲಿ ನನ್ನ ಬೆಂಗಳೂರು ಮನೆಯ ವಿಳಾಸ, ಹಳೆಯದು, ಅದರ ಕೆಳಗೆ ಹೊಸದು.

ಎಲ್ಲವನ್ನೂ ಹಾಗೇ ಒಳಗಿಟ್ಟು, ಮೇಲೆ ಕುಡಿಕೆ ಇಟ್ಟೆವು.

ಹೊರಡುವ ಮೊದಲು ಅತ್ತಿಗೆ ಇನ್ನೊಂದು ಮಾತು ಹೇಳಿದರು. ಒಂದು ಚಿಟಿಕೆ ಹೊಳೆಗೂ ಬಿಡಿ, ಅವರ ಅವ್ವನ ಒಲೆ ಇರುವುದು ಅದರೊಳಗೇ ಅಲ್ಲವಾ. ಕಳಸವಳ್ಳಿಯ ಹಳೇ ಲಾಂಚ್ ಕಟ್ಟೆಯಲ್ಲಿ ಇಳಿದು ಮಗ ಮೊಣಕಾಲುದ್ದ ನೀರಿಗೆ ಹೋಗಿ ಬಿಟ್ಟ. ಬೂದಿ ಸ್ವಲ್ಪ ಹೊತ್ತು ನೀರಿನ ಮೇಲೆ ತೇಲುತ್ತ ದಡದ ಕಡೆಗೇ ಬಂತು. ಆಮೇಲೆ ಒಳಗಿನ ಸೆಳೆತಕ್ಕೆ ಸಿಕ್ಕಿ ತಿರುಗಿ, ಕರಗಿತು.

ಭಟ್ಕಳದ ಮೇಲೆ ಹೋದರೂ ಆಗುತ್ತಿತ್ತು. ಮಗ ಬೇಡ ಅಂದ: "ಹೊಳೆ ಹೋದ ದಾರೀಲೇ ಹೋಗನ." ಹಾಗಾಗಿ ಸೇತುವೆ ದಾಟಿ, ತಾಳಗುಪ್ಪದ ಮೇಲೆ ಜೋಗದ ರಸ್ತೆ ಹಿಡಿದೆವು. ತೀರ್ಥಹಳ್ಳಿ ಕಡೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸಮುದ್ರ ಸೇರಲು ಹರಿಯುವುದು ಬರೀ 128 ಕಿಲೋಮೀಟರು. ಅಷ್ಟರಲ್ಲಿ ಅವಳನ್ನು ಎಷ್ಟು ಕಡೆ ನಿಲ್ಲಿಸಿದ್ದೇವೆ! ಲಿಂಗನಮಕ್ಕಿಯಿಂದ ತಳಕಳಲೆಗೆ, ಅಲ್ಲಿಂದ ಕೊಳವೆಯಲ್ಲಿ ಇಳಿದು 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ, ಮತ್ತೆ ಗೇರುಸೊಪ್ಪೆಯ ಅಣೆಕಟ್ಟಿಗೆ. ನಾಡಿಗೆಲ್ಲ ಬೆಳಕು ಕೊಟ್ಟ ಈ ನೀರಿನ ದಡದಲ್ಲೇ ನಾನು ಚಿಮಣಿ ಬುಡ್ಡಿಯಲ್ಲಿ ಓದಿದೆ. ಈ ಮಾತು ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಅಣ್ಣಯ್ಯನಿಗೆ ಬರುತ್ತಿರಲಿಲ್ಲ. "ಯಾರ್ದೋ ಮನೇಲಿ ದೀಪ ಹತ್ತಿರ್ತದಲ್ಲ ಬಿಡೇ" ಅನ್ನುತ್ತಿದ್ದ. ಅವನು ಹಾಗೆ ಅಂದದ್ದಕ್ಕೆ ಆ ಅನ್ಯಾಯ ಸಣ್ಣದಾಗುವುದಿಲ್ಲ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಜೋಗದಲ್ಲಿ ನಿಲ್ಲಿಸಲಿಲ್ಲ. ಮಾವಿನಗುಂಡಿಯಲ್ಲಿ ಚಹಾ ಕುಡಿದು ಗೇರುಸೊಪ್ಪೆ ಘಾಟಿ ಇಳಿದೆವು. ತಿರುವು ಬಂದಾಗಲೆಲ್ಲ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡೆ. ತಮ್ಮ ಇಡೀ ಘಾಟಿಯನ್ನು ಇಪ್ಪತ್ತು, ಇಪ್ಪತ್ತೈದರಲ್ಲೇ ಇಳಿಸಿದ. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ಮುಂದೆ ಹೋದವು. ಯಾಕೆ ಇಷ್ಟು ನಿಧಾನ ಅಂತ ನಾವು ಯಾರೂ ಕೇಳಲಿಲ್ಲ.

ಹೊನ್ನಾವರ ಮುಟ್ಟುವಾಗ ಸಂಜೆಯಾಗಿತ್ತು. ಇಲ್ಲಿ ಶರಾವತಿ ಅಗಲವಾಗಿ, ಆತುರವಿಲ್ಲದೆ ಸಮುದ್ರಕ್ಕೆ ಸೇರುತ್ತಾಳೆ. ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ ಮೇಲೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು. ಅಣ್ಣಯ್ಯನ ಮಗ ಗಾಡಿ ನಿಲ್ಲಿಸಲು ಹೇಳಿ ಇಳಿದು, ಸುಮ್ಮನೆ ನೀರನ್ನು ನೋಡುತ್ತ ನಿಂತ. ಬೆಳಿಗ್ಗೆ ಬಿಟ್ಟದ್ದು ಇಲ್ಲಿಗೆ ಬರಲು ಎಷ್ಟು ದಿನ ಬೇಕೋ. ರಾತ್ರಿ ಗೋಕರ್ಣದಲ್ಲಿ ಪುರೋಹಿತರೊಬ್ಬರ ಮನೆಯ ಹೊರಜಗಲಿಯಲ್ಲಿ ಉಳಿದೆವು.

ನಾಲ್ಕನೇ ದಿನ: ಗೋಕರ್ಣ

ಬೆಳಿಗ್ಗೆ ಕೋಟಿತೀರ್ಥದಲ್ಲಿ ಸ್ನಾನ. ಮೆಟ್ಟಿಲ ಮೇಲೆ ನಮ್ಮ ಹಾಗೆ ಹತ್ತಾರು ಮನೆಯವರು, ಹೊಸದಾಗಿ ತಲೆ ಬೋಳಿಸಿಕೊಂಡ ಗಂಡುಮಕ್ಕಳು. ಪುರೋಹಿತರು ಮೂರು ತಲೆಮಾರಿನ ಹೆಸರು ಕೇಳಿದರು. ಅಪ್ಪ, ಅಜ್ಜ ಸರಿಯಾಯಿತು. ಮುತ್ತಜ್ಜನ ಹೆಸರು ಮಗನಿಗೂ ಗೊತ್ತಿಲ್ಲ, ಚಿಕ್ಕಪ್ಪನಿಗೂ ನೆನಪಿಲ್ಲ. ನನಗೆ ಗೊತ್ತಿತ್ತು. ಆ ಒಣ ಹೊಳೆಪಾತ್ರದಲ್ಲಿ ಗೆರೆ ಎಳೆಯುವಾಗ ಅಣ್ಣಯ್ಯ ಆ ಹೆಸರನ್ನು ಹೇಳಿದ್ದ. ಮನೆ ಕಟ್ಟಿದವನು ಇವನು ಅಂತ. ನಾನು ಹೇಳಿದೆ. ಪುರೋಹಿತರು ನನ್ನ ಮುಖ ನೋಡಿ, "ಇವರು ಮಗಳಾ?" ಅಂತ ಕೇಳಿದರು. ಮಗ ಒಂದು ಕ್ಷಣವೂ ತಡೆಯದೆ ಹೌದು ಅಂದ.

ಸಮುದ್ರ ಶಾಂತವಾಗಿತ್ತು. ಮಗ ಸೊಂಟದವರೆಗೆ ಇಳಿದು, ಬೆನ್ನು ತಿರುಗಿಸಿ, ಕುಡಿಕೆಯನ್ನು ತಲೆಯ ಮೇಲಿಂದ ಹಿಂದಕ್ಕೆ ಬಿಟ್ಟ. ತಿರುಗಿ ನೋಡಬಾರದು ಅಂತ ಹೇಳಿದ್ದರು. ಅವನು ನೋಡಲಿಲ್ಲ. ನನ್ನ ತಮ್ಮ ಮಾತ್ರ ದಡದಲ್ಲಿ ನಿಂತು ನೋಡುತ್ತಲೇ ಇದ್ದ. ಅಲೆ ಅವನ ಪ್ಯಾಂಟನ್ನು ಮಂಡಿವರೆಗೆ ತೋಯಿಸಿದರೂ ಕದಲಲಿಲ್ಲ. ಸೂತಕದವರು ಮಹಾಬಲೇಶ್ವರನ ಗುಡಿಯೊಳಗೆ ಹೋಗುವಂತಿಲ್ಲ. ನಮಗಿಬ್ಬರಿಗೆ ಸೂತಕವಿರಲಿಲ್ಲ. ಆದರೂ ನಾವೂ ಹೊರಗಿನಿಂದಲೇ ಕೈಮುಗಿದೆವು. ಅವರನ್ನು ಬೀದಿಯಲ್ಲಿ ನಿಲ್ಲಿಸಿ ನಾವಿಬ್ಬರೇ ಒಳಗೆ ಹೋಗುವುದಕ್ಕೆ ಮನಸ್ಸು ಬರಲಿಲ್ಲ.

ವಾಪಸು ಬರುವಾಗ ಚೀಲ ಹಗುರವಾಗಿತ್ತು. ಆದರೂ ಇಡೀ ದಾರಿ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ರಾತ್ರಿ ಸೇತುವೆ ಮುಟ್ಟಿದಾಗ ಒಂಬತ್ತು ಗಂಟೆ ದಾಟಿತ್ತು. ಮೊದಲಾದರೆ ಹೊಳೆಬಾಗಿಲಿನ ಅಂಗಡಿ ಕಟ್ಟೆಯಲ್ಲೇ ಮಲಗಬೇಕಿತ್ತು.

ಐದನೇ ದಿನ: ಹನ್ನೊಂದರ ಊಟ

ಮುನ್ನೂರು ಎಲೆ ಅಂದುಕೊಂಡದ್ದು ಆರುನೂರು ದಾಟಿತು. ಅಕ್ಕಿ ಸಾಲದೆ ಎರಡು ಸಲ ಮತ್ತೆ ಅನ್ನಕ್ಕೆ ಇಟ್ಟರು. ಸಾಗರದಿಂದ, ನಿಟ್ಟೂರಿನಿಂದ, ಭಟ್ಕಳದಿಂದ ಜನ. ಮುಳುಗಡೆಯಲ್ಲಿ ಶಿವಮೊಗ್ಗದ ಕಡೆ ಹೋಗಿ ನೆಲೆಸಿದ ಮನೆಗಳಿಂದಲೂ ಬಂದಿದ್ದರು. ಪ್ರತಿಯೊಬ್ಬರ ಬಳಿಯೂ ಅದೇ ಕಥೆ, ಊರು ಮಾತ್ರ ಬೇರೆ. ನಮ್ಮಪ್ಪನ ಆಪರೇಷನ್ನಿಗೆ ಮಣಿಪಾಲಕ್ಕೆ ಬಂದಿದ್ದ. ನನ್ನ ಮದುವೆ ಮಾತುಕತೆಗೆ ಸಿದ್ದಾಪುರಕ್ಕೆ ಬಂದಿದ್ದ. ನಮ್ಮ ಜಮೀನಿನ ಕಾಗದಕ್ಕೆ ಹನ್ನೊಂದು ಸಲ ಬಂದಿದ್ದ. ನಾನು ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಅವನಿಗೆ ತನ್ನ ಕೆಲಸಕ್ಕೆ ಎಲ್ಲಿಗಾದರೂ ಹೋಗಲು ಹೊತ್ತು ಯಾವಾಗ ಸಿಗುತ್ತಿತ್ತು? ಅತ್ತಿಗೆಯನ್ನು ಕೇಳಿದೆ. ಯೋಚಿಸಿ ಹೇಳಿದರು: "ಸೇತುವೆ ಆದ ವಾರ ನನ್ನ ಕರ್ಕೊಂಡು ಹೋಗಿದ್ರು. ನಡು ಮಟ್ಟಕ್ಕೆ ನಡ್ಕೊಂಡು ಹೋಗಿ, ಸುಮಾರು ಹೊತ್ತು ನಿಂತು, ವಾಪಸ್ ಬಂದ್ವಿ. ಅಷ್ಟೇಯ."

ಸಂಜೆ ನಾನು ಹೊರಡಬೇಕಿತ್ತು. ಚೀಲವನ್ನು ಗೂಟಕ್ಕೆ ಹಾಕಿದೆ. ಅದರ ಪಕ್ಕದ ಮೊಳೆಗೆ ಆ ಹಳೇ ಬ್ಯಾಟರಿ ನೇತಾಡುತ್ತಿತ್ತು. ಸ್ಟೀಲಿನ ಮೈ ಅಲ್ಲಲ್ಲಿ ತಗ್ಗಾಗಿ, ಗಾಜಿನ ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು. ಒತ್ತಿದೆ. ಹಳದಿ ಬೆಳಕು ಬಾಗಿಲಿನಿಂದ ಹೊರಗೆ ಹಲಸಿನ ಮರದವರೆಗೆ ಹೋಯಿತು. ಬಳಸದೆ ಇಟ್ಟರೆ ಶೆಲ್ ಸೋರಿ ಒಳಗೆಲ್ಲ ತುಕ್ಕು ಹಿಡಿಯುತ್ತದೆ ಅಂತ ಅಣ್ಣಯ್ಯನೇ ನಮಗೆ ಹೇಳಿಕೊಟ್ಟದ್ದು. ಹಿಂದಿನ ಮುಚ್ಚಳ ತಿರುಗಿಸಿ ಶೆಲ್ ಹೊರಗೆ ತೆಗೆಯುತ್ತಿದ್ದೆ.

"ಎಂತ ಮಾಡ್ತಾ ಇದ್ಯೇ?" ಅಂದರು ಅತ್ತಿಗೆ.

"ಶೆಲ್ ತೆಗೆದಿಡ್ತೀನಿ ಅತ್ತಿಗೆ. ಸೋರಿಬಿಡ್ತವೆ."

"ಬೇಡ, ಇರ್ಲಿ. ರಾತ್ರಿ ಯಾರಾದ್ರೂ ಕರೀಲಿಕ್ಕೆ ಬಂದ್ರೆ?"

ಒಂದೊಂದಾಗಿ ಮೂರೂ ಶೆಲ್ಲನ್ನು ಮತ್ತೆ ಒಳಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಮೊಳೆಗೆ ತೂಗುಹಾಕಿದೆ. ಹೊರಗೆ ತಮ್ಮ ಜೀಪು ಶುರುಮಾಡಿದ್ದ. ಅಣ್ಣಯ್ಯನ ಮಗ, ಬೋಳುತಲೆಗೆ ಟವೆಲು ಸುತ್ತಿಕೊಂಡು, ಹಿಂದಿನ ಸೀಟಿನಲ್ಲಿ ಆಗಲೇ ಹತ್ತಿ ಕೂತಿದ್ದ.